ಹಳೆಯ ಎಂಜಿಬಿ ಕಾರಿನ ಹಿಂದಿನ ಆಕ್ಸಲ್ ಮತ್ತು ಬ್ರೇಕ್ ಬದಲಾಯಿಸುವ ಕ್ರಮ

ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿದು ಕಾರು ನಿಲ್ಲಿಸಿದಾಗ ಹಿಂದಿನ ಚಕ್ರದ ಬಳಿ ಸುಟ್ಟ ಎಣ್ಣೆಯ ಕಮಟು ವಾಸನೆ ಬಂದರೆ, ಟೈರಿನ ಒಳಬದಿಯಲ್ಲಿ ಒದ್ದೆಯಾದ ಕಪ್ಪು ಗೆರೆಯೊಂದು ಕಂಡರೆ, ಸಾಮಾನ್ಯವಾಗಿ ಎಲ್ಲರೂ ಚಕ್ರದ ಬ್ರೇಕ್ ಡ್ರಮ್ ಬಿಚ್ಚಿ, ಅದರ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಬ್ರೇಕ್ ಶೂಗಳನ್ನು ಹೊಸದಾಗಿ ಹಾಕಿಸಿ ಸಮಾಧಾನಪಟ್ಟುಕೊಳ್ಳುತ್ತಾರೆ. ನಾನೂ ಮೊದಲ ಸಲ ಹಾಗೆಯೇ ಮಾಡಿದ್ದೆ. ಹಡಗಿನಲ್ಲಿ ತರಿಸಿದ ಹೊಸ ಶೂಗಳು ಎರಡೇ ತಿಂಗಳಲ್ಲಿ ಎಣ್ಣೆ ಕುಡಿದು, ಬ್ರೇಕ್ ಒತ್ತಿದಾಗಲೆಲ್ಲ ಕಾರು ಬಲಕ್ಕೆ ಎಳೆಯತೊಡಗಿದ ಮೇಲೆ, ತಪ್ಪು ಬ್ರೇಕಿನದಲ್ಲ, ಆಕ್ಸಲಿನದು ಎಂಬುದು ತಿಳಿಯಿತು. ಎಂಜಿಬಿ ಎಂಬ ಈ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನಲ್ಲಿ, ಹಿಂದಿನ ಚಕ್ರಗಳನ್ನು ತಿರುಗಿಸುವ ಆಕ್ಸಲಿನ ಎಣ್ಣೆಗೂ ಬ್ರೇಕಿನ ಶೂಗೂ ನಡುವೆ ಇರುವುದು ಒಂದು ರಬ್ಬರ್ ಸೀಲ್ ಮಾತ್ರ. ಆದ್ದರಿಂದ ಹಿಂದಿನ ಬ್ರೇಕಿನ ಕೆಲಸವನ್ನು ಆಕ್ಸಲಿನಿಂದ ಆರಂಭಿಸಿ ಡ್ರಮ್ಮಿನಲ್ಲಿ ಮುಗಿಸಬೇಕೇ ಹೊರತು, ಅದರ ತಿರುಗುಮುರುಗಾಗಿ ಮಾಡಬಾರದು.

ಮೊದಲು ಸೋರುತ್ತಿರುವುದು ಯಾವ ಎಣ್ಣೆ ಎಂಬುದನ್ನು ತಿಳಿಯಬೇಕು. ನಮ್ಮ ಕಡೆ ಬ್ರೇಕಿನ ದ್ರವವನ್ನೂ ಬ್ರೇಕ್ ಆಯಿಲ್ ಎಂದೇ ಕರೆಯುವ ರೂಢಿ ಇರುವುದರಿಂದ ಎರಡೂ ಒಂದೇ ಜಾತಿಯ ವಸ್ತುಗಳೆಂಬ ಭ್ರಮೆ ಉಂಟಾಗುತ್ತದೆ. ವಾಸ್ತವದಲ್ಲಿ ಅದು ಎಣ್ಣೆಯೇ ಅಲ್ಲ. ಗಾಜಿನ ಲೋಟದಲ್ಲಿ ಅರ್ಧ ನೀರು ತೆಗೆದುಕೊಂಡು, ಡ್ರಮ್ಮಿನ ಹಿಂದಿನ ತಟ್ಟೆಯಾದ ಬ್ಯಾಕ್ ಪ್ಲೇಟಿನ ಕೆಳತುದಿಯಲ್ಲಿ ನಿಂತಿರುವ ಹನಿಯನ್ನು ಕಡ್ಡಿಯಿಂದ ಅದರೊಳಗೆ ಅದ್ದಿ ಕಲಕಿದರೆ, ಬ್ರೇಕಿನ ದ್ರವವಾದಲ್ಲಿ ಅದು ಕುರುಹಿಲ್ಲದಂತೆ ನೀರಿನಲ್ಲಿ ಬೆರೆತುಹೋಗುತ್ತದೆ. ಆಕ್ಸಲಿನ ಎಣ್ಣೆಯಾದಲ್ಲಿ ನೀರಿನ ಮೇಲೆ ಬಣ್ಣಬಣ್ಣದ ಪೊರೆಯಾಗಿ ತೇಲುತ್ತದೆ, ಬೆರಳಿಗೆ ಅಂಟಿದ ಅದರ ಗಂಧಕದ ವಾಸನೆ ಊಟದ ಹೊತ್ತಿನವರೆಗೂ ಹೋಗುವುದಿಲ್ಲ. ಬೆರೆತರೆ, ದ್ರವದ ಒತ್ತಡದಿಂದ ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಕೆಟ್ಟಿದೆ. ತೇಲಿದರೆ, ಚಕ್ರ ಕೂರುವ ಹಬ್ಬಿನ ಸೀಲ್ ಕೆಟ್ಟಿದೆ.

ಸೀಲ್ ಕೆಟ್ಟಿದೆ ಎಂದು ತೀರ್ಮಾನಿಸುವ ಮೊದಲು ಇನ್ನೆರಡು ವಿಷಯಗಳನ್ನು ನೋಡಬೇಕು. ಆಕ್ಸಲ್ ಕವಚದ ಮೇಲ್ಭಾಗದಲ್ಲಿ ಉಸಿರಾಟಕ್ಕೆಂದು ಬ್ರೀದರ್ ಎಂಬ ಸಣ್ಣ ಕೊಳವೆಯೊಂದಿದೆ. ಓಟದಲ್ಲಿ ಎಣ್ಣೆ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಇದರ ಮೂಲಕ ಹೊರಹೋಗಬೇಕು. ಇದು ಮುಚ್ಚಿಹೋದರೆ ಆ ಒತ್ತಡಕ್ಕೆ ಸೀಲಿನ ಅಂಚನ್ನು ದಾಟುವುದಲ್ಲದೆ ಬೇರೆ ದಾರಿ ಇರುವುದಿಲ್ಲ. ತೋಟದ ದಾರಿಯ ಕೆಂಪು ಕೆಸರು ಈ ಕೊಳವೆಯನ್ನು ಮುಚ್ಚುವುದು ಸಾಮಾನ್ಯವಾದರೂ, ನನ್ನ ಕಾರಿನಲ್ಲಿ ಆ ಕೆಲಸವನ್ನು ಕುಂಬಾರ ಹುಳು ಮಾಡಿತ್ತು: ತಂತಿಯ ತುದಿಯಿಂದ ಕೆದಕಿದಾಗ ಗಟ್ಟಿಯಾದ ಮಣ್ಣಿನ ಬಿರಡೆಯೂ ಅದರ ಹಿಂದೆ ಒಣಗಿದ ಹಸಿರು ಹುಳುವೊಂದೂ ಹೊರಬಂದವು. ಎರಡನೆಯದು ಎಣ್ಣೆಯ ಮಟ್ಟ. ಇಳಿಜಾರಿನ ಅಂಗಳದಲ್ಲಿ ಕಾರು ನಿಲ್ಲಿಸಿ ಅಳೆದರೆ ಮಟ್ಟ ತಪ್ಪಾಗಿ ಕಾಣುತ್ತದೆ, ಕಡಿಮೆ ಇದೆಯೆಂದು ಮತ್ತಷ್ಟು ಸುರಿದ ಎಣ್ಣೆಯೇ ಹಬ್ಬಿನ ಕಡೆಗೆ ಹರಿಯುತ್ತದೆ. ಕೊಡಗಿನಲ್ಲಿ ಸಮತಟ್ಟಾದ ಅಂಗಳ ಎಷ್ಟು ಮನೆಗಳಿಗಿದೆ ಎಂಬುದನ್ನು ನೆನೆದರೆ, ಇದು ಸಣ್ಣ ಕಾರಣವೇನಲ್ಲ.

ಇವೆರಡೂ ಸರಿಯಿದ್ದು, ಜೊತೆಗೆ ಗೇರ್ ಬದಲಿಸುವಾಗ ಹಿಂದಿನಿಂದ ‘ಟಕ್’ ಎಂಬ ಸದ್ದೂ, ವೇಗದಲ್ಲಿ ಗೋಳಿಡುವ ಸದ್ದೂ ಸೇರಿಕೊಂಡಿದ್ದರೆ ಇಡೀ ಆಕ್ಸಲನ್ನು ಬದಲಿಸುವ ಯೋಚನೆ ಬರುವುದು ಸಹಜ. ಇವುಗಳಲ್ಲಿ ‘ಟಕ್’ ಸದ್ದು ಮಾತ್ರ ಇದ್ದರೆ ಅವಸರ ಬೇಡ. ಎರಡೂ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಒಳಗಿನ ಸಣ್ಣ ಗೇರುಗಳ ಹಿಂದಿರುವ ಥ್ರಸ್ಟ್ ವಾಷರ್‌ಗಳು ಸವೆಯುವುದು ಎಂಜಿಬಿಯ ಹುಟ್ಟುಗುಣವಾಗಿದ್ದು, ಹೊಸ ಮಾದರಿಯ ಆಕ್ಸಲಿನಲ್ಲಿ ಹಿಂದಿನ ಮುಚ್ಚಳ ತೆಗೆದು ಅವುಗಳನ್ನಷ್ಟೇ ಬದಲಿಸಬಹುದು. ಗೋಳಿಡುವ ಸದ್ದು ಆಕ್ಸಲನ್ನು ತಿರುಗಿಸುವ ಕ್ರೌನ್ ಪಿನಿಯನ್ ಎಂಬ ಗೇರು ಜೋಡಿಯದ್ದಾದರೆ ಮಾತ್ರ ಆಕ್ಸಲ್ ಬದಲಿಸುವುದು ಲೇಸು, ಏಕೆಂದರೆ ಆ ಗೇರುಗಳನ್ನು ಕೂಡಿಸಿ ಹೊಂದಿಸುವುದು ಮನೆಯ ಶೆಡ್ಡಿನ ಕೆಲಸವಲ್ಲ. ಪಿನಿಯನ್ನಿನ ತುದಿಯ ದೊಡ್ಡ ನಟ್ಟನ್ನು ಸುಮ್ಮನೆ ಬಿಗಿದು ನೋಡುವ ಚಪಲವನ್ನೂ ಬಿಡಬೇಕು. ಅದರ ಒಳಗೆ ಒತ್ತಿದರೆ ಕುಗ್ಗುವ ತೋಳೊಂದಿದ್ದು, ಒಮ್ಮೆ ಹೆಚ್ಚು ಕುಗ್ಗಿದರೆ ಬೇರಿಂಗಿನ ಬಿಗಿತ ಮತ್ತೆ ಮೊದಲಿನಂತಾಗುವುದಿಲ್ಲ.

ಆಕ್ಸಲ್ ತರಿಸುವವರು ತಮ್ಮ ಕಾರಿನಲ್ಲಿರುವುದು ಯಾವುದೆಂದು ನಿಶ್ಚಯಿಸಿಕೊಳ್ಳದೆ ಹಣ ಕಳುಹಿಸಬಾರದು. 1962ರಿಂದ 1980ರವರೆಗೆ ತಯಾರಾದ ಈ ಕಾರಿಗೆ ಎರಡು ಬಗೆಯ ಆಕ್ಸಲ್‌ಗಳು ಬಂದಿವೆ. ಮೊದಲಿನದು ಬ್ಯಾಂಜೊ, ಅದರ ಹೊಟ್ಟೆಯ ಹಿಂಭಾಗ ಕೀಲಿಲ್ಲದ ನುಣುಪಾದ ಗುಂಡು, ಗೇರುಗಳು ಮುಂದಿನಿಂದ ಹೊರಬರುತ್ತವೆ. ಎರಡನೆಯದು ಸ್ಯಾಲಿಸ್ಬರಿ, ಅದರ ಹಿಂಭಾಗದಲ್ಲಿ ಸುತ್ತಲೂ ಬೋಲ್ಟುಗಳಿರುವ ತಗಡಿನ ಮುಚ್ಚಳವಿದೆ. ಮುಚ್ಚಿದ ಮೈಯ ಜಿಟಿ ಮಾದರಿಗೆ 1965ರಲ್ಲಿ ಅದು ಬಂದಾಗಿನಿಂದಲೇ ಸ್ಯಾಲಿಸ್ಬರಿ ಇದೆ. ತೆರೆದ ಕಾರಿಗೆ 1967ರಲ್ಲಿ ಬಂದಿತು. ಎರಡರ ನಡುವೆ, ಎಂಜಿನ್ನಿನ ಬಲವನ್ನು ಹಿಂದಿನ ಆಕ್ಸಲಿಗೆ ತರುವ ಪ್ರೊಪೆಲ್ಲರ್ ಶಾಫ್ಟಿನ ಉದ್ದವೂ ಬೇರೆಯಾಗಿರುವುದರಿಂದ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದಾದರೆ ಆ ಶಾಫ್ಟನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇನ್ನೊಂದು ಹೊಂಡ ಇದಕ್ಕಿಂತ ಆಳವಾದದ್ದು, ಅದರಲ್ಲಿ ನಾನೇ ಬಿದ್ದಿದ್ದೇನೆ. ಕಡ್ಡಿಗಳಿರುವ ವೈರ್ ವೀಲಿನ ಆಕ್ಸಲ್ ಮತ್ತು ನಾಲ್ಕು ನಟ್ಟಿನ ಸಾದಾ ಚಕ್ರದ ಆಕ್ಸಲ್ ನೋಡಲು ಅವಳಿಗಳಂತಿದ್ದರೂ, ವೈರ್ ವೀಲಿನದು ಒಂದೂವರೆ ಇಂಚಿಗಿಂತ ಹೆಚ್ಚು ಗಿಡ್ಡ. ಮಾರಿದವರು ಎರಡಕ್ಕೂ ಹೊಂದುತ್ತದೆ ಎಂದು ಬರೆದು ಕಳುಹಿಸಿದ್ದನ್ನು ನಂಬಿ ತರಿಸಿದ ಅಗಲದ ಆಕ್ಸಲಿಗೆ ವೈರ್ ವೀಲ್ ಹಾಕಿದಾಗ, ಪ್ರತಿ ಗುಂಡಿಯಲ್ಲೂ ಟೈರು ಮಡ್‌ಗಾರ್ಡಿನ ಅಂಚನ್ನು ಕೆರೆಯುತ್ತಿತ್ತು. ಅಂದಿನಿಂದ ಎರಡೂ ಹಬ್ಬುಗಳ ಹೊರಮುಖದ ನಡುವಿನ ಅಂತರವನ್ನು ಟೇಪು ಹಿಡಿದು ಅಳೆದು, ಟೇಪಿನ ಅಂಕಿ ಕಾಣುವಂತೆ ಚಿತ್ರ ತೆಗೆದು ಕಳುಹಿಸಿ, ಮಾರುವವರಿಂದಲೂ ಅಂಥದೇ ಚಿತ್ರ ತರಿಸಿಕೊಳ್ಳದೆ ನಾನು ಏನನ್ನೂ ಕೊಳ್ಳುವುದಿಲ್ಲ. ಗೇರಿನ ಅನುಪಾತವನ್ನೂ ಹೀಗೆಯೇ ಪರೀಕ್ಷಿಸಬಹುದು. ಎಂಜಿಬಿಯದು 43ಕ್ಕೆ 11 ಹಲ್ಲು, ಅಂದರೆ 3.909. ಎರಡೂ ಹಬ್ಬುಗಳನ್ನು ಒಟ್ಟಿಗೆ ಒಂದು ಸುತ್ತು ತಿರುಗಿಸಿದಾಗ ಪಿನಿಯನ್ನಿನ ತುದಿಯ ಫ್ಲ್ಯಾಂಜ್ ನಾಲ್ಕು ಸುತ್ತಿಗೆ ಸ್ವಲ್ಪ ಕಡಿಮೆ ತಿರುಗಬೇಕು.

ಸ್ಪ್ಯಾನರುಗಳ ವಿಷಯದಲ್ಲಿ ನಾವು ಅದೃಷ್ಟವಂತರು. ಈ ಕಾರಿನ ನಟ್ಟುಗಳು ಮಿಲಿಮೀಟರಿನವಲ್ಲ, ಇಂಚಿನ ಲೆಕ್ಕದವು. ಆದರೆ ಅಂಬಾಸಡರ್ ಕಾರೂ ಇದೇ ಬ್ರಿಟಿಷ್ ವಂಶದ್ದಾಗಿ, ಎಂಜಿಬಿಯ 1798 ಸಿಸಿ ಎಂಜಿನ್ನಿಗೂ ಅಂಬಾಸಡರಿನ ಹಳೆಯ 1489 ಸಿಸಿ ಎಂಜಿನ್ನಿಗೂ ಬಿ ಸೀರೀಸ್ ಎಂಬ ಒಂದೇ ಮೂಲವಿರುವುದರಿಂದ, ಕುಶಾಲನಗರ, ಮೈಸೂರುಗಳ ಹಳೆಯ ಮೆಕ್ಯಾನಿಕ್‌ಗಳ ಪೆಟ್ಟಿಗೆಯಲ್ಲಿ ಆ ಅಳತೆಯ ಸ್ಪ್ಯಾನರುಗಳು ಇನ್ನೂ ಸಿಗುತ್ತವೆ. ಸ್ಪ್ಯಾನರ್ ಹೊಂದಿತೆಂದು ಅಂಬಾಸಡರಿನ ಬ್ರೇಕ್ ಸಾಮಾನನ್ನು ಅಳೆಯದೆ ಹಾಕುವುದು ಮಾತ್ರ ಸಲ್ಲದು.

ಕೆಲಸಕ್ಕೆ ಹೂಮಳೆ ಮುಗಿದು ಮುಂಗಾರು ಹಿಡಿಯುವ ಮೊದಲಿನ ವಾರಗಳು ಸೂಕ್ತ. ಆ ವೇಳೆಗೆ ಕಾಫಿ ಒಣಗಿಸುವ ಕಣ ಖಾಲಿಯಾಗಿರುತ್ತದೆ, ಅಷ್ಟು ಗಟ್ಟಿಯಾದ, ಮಟ್ಟವಾದ ಸಿಮೆಂಟು ನೆಲ ತೋಟದಲ್ಲಿ ಬೇರೆಲ್ಲೂ ಇರುವುದಿಲ್ಲ. ಮಣ್ಣಿನ ನೆಲದ ಮೇಲೆ ಜಾಕ್ ನಿಲ್ಲಿಸಬಾರದು; ಒಣಗಿದಂತೆ ಕಾಣುವ ನೆಲವೂ ರಾತ್ರಿಯ ಒಂದು ಮಳೆಗೆ ಮೆತ್ತಗಾಗುತ್ತದೆ. ಕಾರಿನಡಿ ಮಲಗುವ ಮೊದಲು ಅದು ಜಾಕಿನ ಮೇಲಲ್ಲ, ಲೀಫ್ ಸ್ಪ್ರಿಂಗಿನ ಮುಂದಿನ ಕಣ್ಣಿನ ಬಳಿಯ ಗಟ್ಟಿ ಭಾಗಕ್ಕೆ ಕೊಟ್ಟ ಎರಡು ಉಕ್ಕಿನ ಸ್ಟ್ಯಾಂಡುಗಳ ಮೇಲೆ ನಿಂತಿರಬೇಕು, ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಗಟ್ಟೆ ಇಟ್ಟಿರಬೇಕು. ಹಾಲೋಬ್ಲಾಕ್ ಇಟ್ಟಿಗೆಯನ್ನು ಸ್ಟ್ಯಾಂಡಾಗಿ ಬಳಸುವುದನ್ನು ಹಲವು ಕಡೆ ಕಂಡಿದ್ದೇನೆ; ಅದು ಬಿರುಕು ಬಿಡುವುದಿಲ್ಲ, ಒಮ್ಮೆಲೇ ಪುಡಿಯಾಗುತ್ತದೆ. ಬಿಚ್ಚಬೇಕಾದ ಎಲ್ಲ ನಟ್ಟುಗಳಿಗೂ ಮೂರು ದಿನ ಮೊದಲಿನಿಂದ ಬೆಳಿಗ್ಗೆ ಸಂಜೆ ತುಕ್ಕು ಬಿಡಿಸುವ ಎಣ್ಣೆ ಹಾಕುತ್ತಿದ್ದರೆ ಬೋಲ್ಟು ಮುರಿಯುವ ಪ್ರಸಂಗ ಬಹುಮಟ್ಟಿಗೆ ತಪ್ಪುತ್ತದೆ.

ಹಬ್ಬಿನ ನಡುವಿನ ದೊಡ್ಡ ನಟ್ಟನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಬೇಕು. ಸ್ಯಾಲಿಸ್ಬರಿಯಲ್ಲಿ ಇದು 1 5/16 ಇಂಚಿನ ನಟ್ಟು. ಸ್ಪ್ಲಿಟ್ ಪಿನ್ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಉದ್ದನೆಯ ಪೈಪು ತೊಡಿಸಿದ ಹಿಡಿಯಿಂದ ತಿರುಗಿಸಬೇಕು. ವೈರ್ ವೀಲಿನ ಕಾರಿನಲ್ಲಿ ಚಕ್ರವನ್ನು ಹಿಡಿದಿರುವ ನಡುವಿನ ದೊಡ್ಡ ನಟ್ಟಾದ ಸ್ಪಿನ್ನರ್ ಕಳಚಿದ ಮೇಲೆ ಚಕ್ರದ ಮೇಲೆ ಭಾರ ಬಿಡುವಂತಿಲ್ಲವಾದ್ದರಿಂದ, ಕಾರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿದಿರುವಾಗ ಈ ಕೆಲಸ ಮಾಡಬೇಕಾಗುತ್ತದೆ. ಆ ಸ್ಪಿನ್ನರ್ ಬಿಚ್ಚಿಕೊಳ್ಳುವುದು ಎರಡೂ ಬದಿಯಲ್ಲಿ ಚಕ್ರ ಮುಂದಕ್ಕೆ ಉರುಳುವ ದಿಕ್ಕಿನಲ್ಲಿ. ಎಡಬದಿಯದು ಎಡಕ್ಕೆ ಬಿಚ್ಚುವ ಮಾಮೂಲಿ ಮರೆ (ಸುರುಳಿ ಗೀರು), ಬಲಬದಿಯದು ಬಲಕ್ಕೆ ಬಿಚ್ಚುವ ತಿರುಗುಮರೆ. ಇದನ್ನು ಮರೆತು ಬಲಬದಿಯಲ್ಲೂ ಎಡಕ್ಕೆ ತಿರುಗುವಂತೆ ಸುತ್ತಿಗೆ ಬೀಸಿದಷ್ಟೂ ಅದು ಬಿಗಿಯಾಗುತ್ತಲೇ ಹೋಗುತ್ತದೆ.

ಡ್ರಮ್ ಬರದಿದ್ದರೆ ಬ್ಯಾಕ್ ಪ್ಲೇಟಿನ ಹಿಂದಿರುವ ಚೌಕ ತಲೆಯ ಅಡ್ಜಸ್ಟರನ್ನು ಎಡಕ್ಕೆ ತಿರುಗಿಸಿ ಶೂಗಳನ್ನು ಒಳಕ್ಕೆಳೆದುಕೊಂಡು, ಡ್ರಮ್ಮಿನ ಸುತ್ತ ಮರದ ಕೊಡತಿಯಿಂದ ಬಡಿಯಬೇಕು. ಒಳಗಿನ ಧೂಳನ್ನು ಕಂಪ್ರೆಸರಿನಿಂದ ಊದಬಾರದು. ಹಳೆಯ ಲೈನಿಂಗುಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಹೆಚ್ಚು, ಅದರ ಧೂಳು ಶ್ವಾಸಕೋಶದಲ್ಲಿ ಉಳಿದುಬಿಡುತ್ತದೆ. ಸೋಪಿನ ನೀರು ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎಸೆಯುವುದು ಸರಿಯಾದ ಕ್ರಮ.

ಆಕ್ಸಲ್ ಇಳಿಸುವ ಕೆಲಸದಲ್ಲಿ ಕಷ್ಟಕ್ಕಿಂತ ಅನುಕ್ರಮ ಮುಖ್ಯ. ಕಾರಿನ ಮೈಯಿಂದ ಆಕ್ಸಲಿಗೆ ಬರುವ ಬ್ರೇಕಿನ ಮೆತು ಕೊಳವೆ ಒಂದೇ ಇರುವುದರಿಂದ ಅದನ್ನು ಮೈಯ ಕಡೆ ಬಿಚ್ಚಿ ಬಾಯಿ ಮುಚ್ಚಬೇಕು. ನಂತರ ಹ್ಯಾಂಡ್ ಬ್ರೇಕಿನ ಕೇಬಲ್. ನಂತರ ಪ್ರೊಪೆಲ್ಲರ್ ಶಾಫ್ಟಿನ ನಾಲ್ಕು ಬೋಲ್ಟುಗಳು. ಬಿಚ್ಚುವ ಮೊದಲು ಎರಡೂ ಫ್ಲ್ಯಾಂಜುಗಳ ಮೇಲೆ ಅಡ್ಡಲಾಗಿ ಉಳಿಯಿಂದ ಒಂದು ಗೆರೆ ಹಾಕಿಕೊಂಡರೆ ಹಳೆಯ ಆಕ್ಸಲನ್ನೇ ಮತ್ತೆ ಏರಿಸುವಾಗ ಶಾಫ್ಟ್ ಅದೇ ಜಾಗದಲ್ಲಿ ಕೂರುತ್ತದೆ. ಕುಲುಕಾಟ ತಡೆಯುವ ಡ್ಯಾಂಪರಿನ ಕಡ್ಡಿ ಮತ್ತು ಆಕ್ಸಲ್ ಹೆಚ್ಚು ಕೆಳಗಿಳಿಯದಂತೆ ತಡೆಯುವ ರಬ್ಬರ್ ಪಟ್ಟಿಗಳನ್ನು ಬಿಡಿಸಿ, ಆಕ್ಸಲಿನ ಹೊಟ್ಟೆಗೆ ಜಾಕ್ ಕೊಟ್ಟ ಮೇಲೆ ಯು ಬೋಲ್ಟುಗಳನ್ನು ತೆಗೆಯಬೇಕು. ಆಕ್ಸಲ್ ಸ್ಪ್ರಿಂಗಿನ ಮೇಲೆ ಕುಳಿತಿರುವುದರಿಂದ, ಸ್ಪ್ರಿಂಗನ್ನು ಕಾರಿಗೆ ಜೋಡಿಸುವ ಹಿಂದಿನ ಶ್ಯಾಕಲ್‌ಗಳನ್ನು ಬಿಚ್ಚಿ ಸ್ಪ್ರಿಂಗಿನ ಬಾಲವನ್ನು ಕೆಳಗಿಳಿಸಿದರೆ ಆಕ್ಸಲ್ ಹಿಂದಕ್ಕೆ ಹೊರಬರುತ್ತದೆ. ಇಬ್ಬರು ಹಿಡಿಯಲೇಬೇಕು, ಮೂವರಿದ್ದರೆ ಸೊಂಟಕ್ಕೆ ಒಳ್ಳೆಯದು.

ಕಣದ ಮೇಲೆ ಎರಡು ಗಟ್ಟೆಗಳ ಮೇಲೆ ಮಲಗಿಸಿದ ಆಕ್ಸಲಿನ ಎರಡೂ ತುದಿಗಳಲ್ಲಿ ಹೊಸ ಸೀಲ್ ಹಾಕದೆ ಅದನ್ನು ಮೇಲೇರಿಸಬಾರದು. ತರಿಸಿದ್ದು ಚೆನ್ನಾಗಿಯೇ ಇದೆಯೆಂದು ಮಾರಿದವರು ಎಷ್ಟು ಹೇಳಿದರೂ, ವರ್ಷಗಟ್ಟಲೆ ಒಣಗಿ ನಿಂತ ಸೀಲಿನ ರಬ್ಬರ್ ಗಟ್ಟಿಯಾಗಿರುತ್ತದೆ. ಸ್ಯಾಲಿಸ್ಬರಿಯಲ್ಲಿ ಹಬ್ಬನ್ನು ಎಳೆದು, ಬೇರಿಂಗಿನ ಟೋಪಿಯನ್ನು ಹಿಡಿದಿರುವ ನಾಲ್ಕು ಬೋಲ್ಟುಗಳನ್ನು ಬಿಚ್ಚಿದರೆ ಸೀಲ್ ಆ ಟೋಪಿಯೊಳಗೆ ಕಾಣುತ್ತದೆ. ಹೊಸ ಸೀಲಿನ ತುಟಿ ಒಳಮುಖವಾಗಿ, ಎಣ್ಣೆಯ ಕಡೆಗಿರಬೇಕು. ಇಲ್ಲಿ ಬಹಳ ಜನ ಕಡೆಗಣಿಸುವುದು ಸೀಲ್ ಉಜ್ಜಿಕೊಂಡು ತಿರುಗುವ ಉಕ್ಕಿನ ಕಾಲರನ್ನು. ಅದನ್ನು ಬೆಳಕಿಗೆ ಹಿಡಿದು ಉಗುರಿನ ತುದಿಯನ್ನು ಅಡ್ಡಲಾಗಿ ಎಳೆದಾಗ ಉಗುರು ತಡೆದು ನಿಂತರೆ ಅಲ್ಲೊಂದು ಕೊರಕಲು ಬಿದ್ದಿದೆ ಎಂದರ್ಥ, ಅದರ ಮೇಲೆ ಎಂಥ ಹೊಸ ಸೀಲ್ ಹಾಕಿದರೂ ಮುಂದಿನ ಮಳೆಗಾಲಕ್ಕೆ ಎಣ್ಣೆ ಮತ್ತೆ ಡ್ರಮ್ಮಿನೊಳಗಿರುತ್ತದೆ. ಕಾಲರಿಗೆ ತಗಲುವ ಖರ್ಚು ಒಂದು ಜೊತೆ ಶೂಗಿಂತ ಕಡಿಮೆ.

ಹಬ್ಬನ್ನು ಮತ್ತೆ ಏರಿಸುವ ಮೊದಲೇ ಬ್ರೇಕಿನ ಕೆಲಸ ಮುಗಿಸುವುದು ಜಾಣತನ. ಕಾರಣ ವೀಲ್ ಸಿಲಿಂಡರಿನ ಕ್ಲಿಪ್ಪು. ಸಿಲಿಂಡರಿನ ಬುಡ ಬ್ಯಾಕ್ ಪ್ಲೇಟಿನ ರಂಧ್ರದಿಂದ ಹಿಂದಕ್ಕೆ ಚಾಚಿಕೊಂಡಿದ್ದು, ಅದರ ಸುತ್ತಣ ಕಾಲುವೆಗೆ ಉಕ್ಕಿನ ಅರೆಬಳೆಯಂಥ ಕ್ಲಿಪ್ಪೊಂದನ್ನು ಒತ್ತಿ ಕೂರಿಸಬೇಕು. ಕಾರಿನಡಿ ಅಂಗಾತ ಮಲಗಿ, ಮುಖಕ್ಕೆ ತುಕ್ಕು ಉದುರುತ್ತಿರುವಾಗ ಎರಡು ಸ್ಕ್ರೂ ಡ್ರೈವರುಗಳಿಂದ ಇದನ್ನು ಮಾಡಹೊರಟವರು ಕ್ಲಿಪ್ಪು ಹಾರಿ ಕಾಫಿ ಗಿಡದ ಬುಡ ಸೇರಿದ್ದನ್ನು ಒಂದಲ್ಲ ಒಂದು ಸಲ ಕಂಡಿರುತ್ತಾರೆ. ಆಕ್ಸಲ್ ಹೊರಗಿರುವಾಗ ಸಿಲಿಂಡರನ್ನು ಮುಂದಿನಿಂದ ಮರದ ಬೆಣೆಯಿಂದ ಒತ್ತಿ ನಿಲ್ಲಿಸಿ, ಕ್ಲಿಪ್ಪಿನ ಅಗಲಕ್ಕೆ ಸರಿಹೊಂದುವ ಸಾಕೆಟ್ಟೊಂದನ್ನು ಅದರ ಮೇಲಿಟ್ಟು, ಜಿ ಕ್ಲಾಂಪಿನಿಂದ ನಿಧಾನವಾಗಿ ಬಿಗಿಯುತ್ತ ಹೋದರೆ ‘ಕಟಕ್’ ಎಂದು ಅದು ತನ್ನ ಕಾಲುವೆಗೆ ಬೀಳುತ್ತದೆ. ಬ್ರೇಕ್ ಪೈಪಿನ ಮರೆಯನ್ನು ಕ್ಲಿಪ್ಪು ಕೂರಿಸುವ ಮೊದಲೇ ಬೆರಳಿನಿಂದ ಎರಡು ಸುತ್ತು ಹಿಡಿಸಿಕೊಂಡಿರಬೇಕು. ಸಿಲಿಂಡರ್ ಬಿಗಿಯಾದ ಮೇಲೆ ಪೈಪು ಓರೆಯಾಗಿ ಕಚ್ಚಿ ಮರೆ ಕೆಡುವ ಸಂಭವವಿದೆ.

ಶೂಗಳನ್ನು ಒಂದು ಬದಿ ಪೂರ್ತಿ ಮುಗಿದ ಮೇಲೆಯೇ ಇನ್ನೊಂದು ಬದಿಯಲ್ಲಿ ಬಿಚ್ಚಬೇಕು. ಸ್ಪ್ರಿಂಗು ಯಾವ ರಂಧ್ರಕ್ಕೆ, ಲೈನಿಂಗಿನ ಬರಿದಾದ ತುದಿ ಯಾವ ಕಡೆಗೆ ಎಂಬ ಸಂಶಯ ಬಂದಾಗ ಬಿಚ್ಚದ ಬದಿಯೇ ಉತ್ತರ ಹೇಳುತ್ತದೆ. ಎಡ ಬಲಗಳು ಕನ್ನಡಿಯ ಬಿಂಬದಂತೆ ಎಂಬುದನ್ನು ನೆನಪಿಟ್ಟರೆ ಸಾಕು. ಸ್ಪ್ರಿಂಗುಗಳು ಶೂವಿನ ಹಿಂದೆ, ಬ್ಯಾಕ್ ಪ್ಲೇಟಿನ ಕಡೆಗಿರಬೇಕು. ಮುಂದಿದ್ದರೆ ತಿರುಗುವ ಹಬ್ಬಿಗೆ ತಾಗುತ್ತವೆ. ಈ ಡ್ರಮ್ಮಿನ ಒಳವ್ಯಾಸ 10 ಇಂಚು, ಶೂವಿನ ಅಗಲ 1¾ ಇಂಚು. ಎಣ್ಣೆ ಕುಡಿದ ಶೂವನ್ನು ಪೆಟ್ರೋಲಿನಲ್ಲಿ ತೊಳೆದು, ಒಲೆಯ ಮೇಲೆ ಹುರಿದು ಮತ್ತೆ ಹಾಕುವ ಹಳೆಯ ಪದ್ಧತಿಯೊಂದಿದೆ. ಮೊದಲ ಘಾಟಿಯಲ್ಲಿ ಡ್ರಮ್ ಬಿಸಿಯಾದೊಡನೆ ಒಳಗೆ ಉಳಿದ ಎಣ್ಣೆ ಮತ್ತೆ ಮೇಲಕ್ಕೆ ಬರುತ್ತದೆ. ಎರಡೂ ಬದಿಯ ಶೂಗಳನ್ನು ಒಟ್ಟಿಗೇ ಬದಲಿಸಬೇಕು, ಒಂದೇ ಬದಿ ಕೆಟ್ಟಿದ್ದರೂ ಸಹ.

ಹಬ್ಬಿನ ನಟ್ಟಿನ ಬಿಗಿತ 150 ಪೌಂಡ್ ಅಡಿ, ಅಂದರೆ 203 ನ್ಯೂಟನ್ ಮೀಟರ್. ಇದು ಎಷ್ಟೆಂದರೆ ನಟ್ಟಿನ ನಡುವಿನಿಂದ ಸರಿಯಾಗಿ ಒಂದು ಮೀಟರ್ ದೂರದಲ್ಲಿ, ನೆಲಕ್ಕೆ ಸಮಾನಾಂತರವಾಗಿ ಹಿಡಿದ ಹಿಡಿಗೆ ಸುಮಾರು 21 ಕಿಲೋ ಭಾರ ತೂಗಿದಷ್ಟು. ಟಾರ್ಕ್ ವ್ರೆಂಚ್ ಎರವಲು ಸಿಕ್ಕರೆ ಅದನ್ನೇ ಬಳಸಬೇಕು. ಸ್ಪ್ಲಿಟ್ ಪಿನ್ನಿನ ರಂಧ್ರ ಎದುರಾಗದಿದ್ದರೆ ನಟ್ಟನ್ನು ಇನ್ನಷ್ಟು ಬಿಗಿದು ಎದುರು ತರಬೇಕು, ಸಡಿಲಿಸಿ ತರಬಾರದು. ಆಕ್ಸಲನ್ನು ಇಳಿಸಿದ್ದರ ವಿರುದ್ಧ ಕ್ರಮದಲ್ಲಿ ಏರಿಸಿ, ಪ್ರೊಪೆಲ್ಲರ್ ಶಾಫ್ಟಿಗೆ ತಾನಾಗಿ ಸಡಿಲವಾಗದ ಹೊಸ ನೈಲಾಕ್ ನಟ್ಟುಗಳನ್ನೇ ಹಾಕಿ, ಶ್ಯಾಕಲ್ಲಿನ ರಬ್ಬರ್ ಬುಷ್ಷುಗಳ ಬೋಲ್ಟುಗಳನ್ನು ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿತಕ್ಕೆ ತರಬೇಕು. ಎಣ್ಣೆ 90 ಗ್ರೇಡಿನ ಹೈಪಾಯ್ಡ್; ಸ್ಯಾಲಿಸ್ಬರಿಗೆ 0.85 ಲೀಟರ್, ಬ್ಯಾಂಜೊಗೆ 1.28 ಲೀಟರ್ ಹಿಡಿಯುತ್ತದೆ.

ಬ್ರೇಕಿನ ದ್ರವ ಡಾಟ್ 4 ದರ್ಜೆಯದಾಗಿರಲಿ, ಅದೂ ಸೀಲ್ ಒಡೆಯದ ಹೊಸ ಡಬ್ಬಿಯದು. ಈ ದ್ರವ ಗಾಳಿಯ ತೇವವನ್ನು ಹೀರುತ್ತದೆ. ತೇವವಿಲ್ಲದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯಬೇಕಾದದ್ದು, ತೇವ ಹೀರಿದ ಮೇಲೆ 155 ಡಿಗ್ರಿಗೆ ಇಳಿಯಬಹುದು. ಉಪ್ಪಿನ ಡಬ್ಬಿಯಲ್ಲಿ ನೀರೊಡೆಯುವ ನಮ್ಮ ಮಳೆಗಾಲದಲ್ಲಿ, ಕಳೆದ ವರ್ಷ ತೆರೆದಿಟ್ಟ ಅರ್ಧ ಡಬ್ಬಿಯನ್ನು ಈ ವರ್ಷ ಸುರಿಯುವುದು ಉಳಿತಾಯವಲ್ಲ. ದ್ರವದೊಳಗಿನ ಗಾಳಿ ತೆಗೆಯುವ ಕೆಲಸವನ್ನು, ಪೆಡಲಿನ ಒತ್ತಡವನ್ನು ದ್ರವಕ್ಕೆ ಕೊಡುವ ಮಾಸ್ಟರ್ ಸಿಲಿಂಡರಿನಿಂದ ಅತಿ ದೂರದ ಚಕ್ರದಿಂದ ಆರಂಭಿಸಬೇಕು; ನಮ್ಮ ಬಲಬದಿ ಸ್ಟಿಯರಿಂಗಿನ ಕಾರಿನಲ್ಲಿ ಅದು ಹಿಂದಿನ ಎಡಚಕ್ರ. ಪೆಡಲಿನ ಮೇಲಿರುವವರು ಒತ್ತಿ ಹಿಡಿದೆ ಎಂದ ಮೇಲೆ ಚಕ್ರದ ಬಳಿಯ ಗಾಳಿ ಬಿಡುವ ನಿಪ್ಪಲ್ ತೆರೆಯಬೇಕು, ನಿಪ್ಪಲ್ ಮುಚ್ಚಿದೆ ಎಂದು ಕೇಳಿದ ಮೇಲೆಯೇ ಅವರು ಕಾಲು ಎತ್ತಬೇಕು. ಬಣ್ಣದ ಮೇಲೆ ದ್ರವ ಚೆಲ್ಲಿದರೆ ಒರೆಸುತ್ತ ಕೂರದೆ ಕೂಡಲೇ ನೀರು ಸುರಿಯಬೇಕು.

ಅಡ್ಜಸ್ಟರನ್ನು ಚಕ್ರ ನಿಲ್ಲುವವರೆಗೆ ಬಲಕ್ಕೆ ತಿರುಗಿಸಿ, ಪೆಡಲನ್ನು ಎರಡು ಸಲ ಬಲವಾಗಿ ಒತ್ತಿ ಶೂಗಳನ್ನು ನಡುವಿಗೆ ಕೂರಿಸಿ, ನಂತರ ಚಕ್ರ ಸರಾಗವಾಗಿ ತಿರುಗುವಷ್ಟು ಒಂದೆರಡು ಕ್ಲಿಕ್ ಹಿಂದಕ್ಕೆ ಬಿಡಬೇಕು. ಹ್ಯಾಂಡ್ ಬ್ರೇಕಿನ ಕೇಬಲ್ ಹೊಂದಿಸುವುದು ಇದಾದ ಮೇಲೆ. ಮೊದಲ ಓಟ ಕಣದೊಳಗೆ, ಎರಡನೆಯದು ಕುಶಾಲನಗರದ ಸುತ್ತಲಿನ ಸಮತಟ್ಟು ರಸ್ತೆಯಲ್ಲಿ. ಹೊಸ ಶೂಗಳು ಡ್ರಮ್ಮಿನ ಬಾಗಿಗೆ ಒಗ್ಗುವವರೆಗೆ ಸಂಪಾಜೆ ಘಾಟಿಯ ಕಡೆಗಾಗಲಿ ಮಾಕುಟ್ಟ ಘಾಟಿಯ ಕಡೆಗಾಗಲಿ ಕಾರನ್ನು ತಿರುಗಿಸಬಾರದು. ಪ್ರತಿ ಓಟದ ನಂತರ ಎರಡೂ ಡ್ರಮ್ಮುಗಳ ಬಳಿ ಅಂಗೈ ಹಿಡಿದು ನೋಡಿ, ಒಂದು ಇನ್ನೊಂದಕ್ಕಿಂತ ಹೆಚ್ಚು ಬಿಸಿ ಇದ್ದರೆ ಆ ಬದಿಯ ಶೂ ಉಜ್ಜುತ್ತಿದೆ ಎಂದು ತಿಳಿಯಬೇಕು. ನೂರು ಕಿಲೋಮೀಟರಿನೊಳಗೆ ಯು ಬೋಲ್ಟುಗಳ ಬಿಗಿತವನ್ನೂ, ಬ್ಯಾಕ್ ಪ್ಲೇಟಿನ ಕೆಳತುದಿ ಒಣಗಿದೆಯೇ ಎಂಬುದನ್ನೂ ಮತ್ತೊಮ್ಮೆ ನೋಡುವುದು ಅಗತ್ಯ.

ಕೊಡವರ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಮಳೆಯಲ್ಲಿ ಕಾರನ್ನು ವಾರಗಟ್ಟಲೆ ಶೆಡ್ಡಿನಲ್ಲಿ ಬಿಡುವವರು ಹ್ಯಾಂಡ್ ಬ್ರೇಕ್ ಎಳೆದಿಡಬಾರದು. ತೇವಕ್ಕೆ ಲೈನಿಂಗು ಡ್ರಮ್ಮಿಗೆ ಅಂಟಿಕೊಂಡು, ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬದ ಹೊತ್ತಿಗೆ ಕಾರು ಹೊರತೆಗೆಯಲು ಹೋದಾಗ ಹಿಂದಿನ ಚಕ್ರಗಳು ತಿರುಗುವುದೇ ಇಲ್ಲ. ಗೇರಿನಲ್ಲಿ ನಿಲ್ಲಿಸಿ, ನಾಲ್ಕೂ ಚಕ್ರಗಳಿಗೆ ಗಟ್ಟೆ ಇಟ್ಟು, ಲಿವರನ್ನು ಪೂರ್ತಿ ಕೆಳಗಿಳಿಸಿಡಬೇಕು.